ಗೌರಿಬಿದನೂರಿನ ಎರಡು ಕಿವಿಗಳು: ಒಂದು ನೆಲಕ್ಕೆ, ಒಂದು ಆಕಾಶಕ್ಕೆ

(ದೃಶ್ಯ: ಗೌರಿಬಿದನೂರಿನ ಬಯಲು, ಹಿನ್ನೆಲೆಯಲ್ಲಿ ಬಂಡೆಗುಡ್ಡಗಳು)

ನಮಸ್ಕಾರ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಸುತ್ತಮುತ್ತ ಎರಡು ದೊಡ್ಡ ವೈಜ್ಞಾನಿಕ ಏರ್ಪಾಡುಗಳಿವೆ. ಒಂದು, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲು. 1960ರ ದಶಕದಲ್ಲಿ ಸ್ಥಾಪನೆಯಾದ ಇದು ದೂರದೇಶಗಳ ಭೂಕಂಪಗಳನ್ನೂ ನೆಲದಡಿಯ ಪರಮಾಣು ಸ್ಫೋಟಗಳನ್ನೂ ದಾಖಲಿಸುತ್ತ ಬಂದಿದೆ. ಇನ್ನೊಂದು, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಕೂಡಿ ಕಟ್ಟಿದ ಡೆಕಾಮೀಟರ್ ರೇಡಿಯೊ ದೂರದರ್ಶಕ. ಒಂದು ನೆಲಕ್ಕೆ ಕಿವಿಗೊಟ್ಟಿದೆ, ಇನ್ನೊಂದು ಆಕಾಶಕ್ಕೆ. ಎರಡೂ ಹಿಡಿಯುವುದು ತರಂಗಗಳನ್ನೇ ಆದ್ದರಿಂದ, ಎರಡೂ ಮಾಡುವ ಲೆಕ್ಕವೂ ಒಂದೇ.

(ದೃಶ್ಯ: ಗಾಳಿಗೆ ತೂಗುವ ರಾಗಿ ಹೊಲ)

ಗಾಳಿ ಬೀಸಿದಾಗ ರಾಗಿ ಹೊಲದ ಮೇಲೆ ಅಲೆಯೊಂದು ಈ ಬದುವಿನಿಂದ ಆ ಬದುವಿಗೆ ಓಡುತ್ತದೆ. ಆದರೆ ಯಾವ ತೆನೆಯೂ ತನ್ನ ಬುಡ ಬಿಟ್ಟು ಹೋಗುವುದಿಲ್ಲ. ಈ ಹೋಲಿಕೆಯಲ್ಲಿ ಒಂದು ಕೊರತೆಯಿದೆ ಎಂಬುದನ್ನು ಹೇಳಲೇಬೇಕು: ಹೊಲದಲ್ಲಿ ತೆನೆಗಳನ್ನು ಬಾಗಿಸುವುದು ಗಾಳಿ, ಶಬ್ದದಲ್ಲಾದರೋ ಒಂದು ಕಣವೇ ತನ್ನ ಪಕ್ಕದ ಕಣವನ್ನು ದೂಡುತ್ತದೆ. ವಸ್ತು ಇದ್ದಲ್ಲೇ ಇರುತ್ತದೆ, ಶಕ್ತಿ ಮುಂದೆ ಸಾಗುತ್ತದೆ.

ತರಂಗ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದು ಅದರ ಆವೃತ್ತಿ, ಅದರ ಮಾನ ಹರ್ಟ್ಸ್; ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರವೇ ತರಂಗದೂರ. ತರಂಗದ ವೇಗವೆಂದರೆ ಈ ಎರಡರ ಗುಣಲಬ್ಧ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, 340 ಹರ್ಟ್ಸ್‌ನ ಸ್ವರದ ತರಂಗದೂರ 1 ಮೀಟರ್. ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ 6 ಕಿಲೋಮೀಟರ್ ಓಡುವ, ಸೆಕೆಂಡಿಗೊಮ್ಮೆ ಮಾತ್ರ ಕಂಪಿಸುವ ಭೂಕಂಪ ತರಂಗದ ತರಂಗದೂರ 6 ಕಿಲೋಮೀಟರ್. ಗೌರಿಬಿದನೂರಿನ ಡೆಕಾಮೀಟರ್ ದೂರದರ್ಶಕ ಆರಿಸಿಕೊಂಡ 34.5 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 3.45 ಕೋಟಿ ಸಲ ಕಂಪಿಸುವ, ರೇಡಿಯೊ ತರಂಗವು ಬೆಳಕಿನಂತೆಯೇ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಅದರ ತರಂಗದೂರ ಸುಮಾರು 8.7 ಮೀಟರ್. ಇದು ವಿದ್ಯುತ್ಕಾಂತೀಯ ತರಂಗ. ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳೇ ಇಲ್ಲಿ ಕಂಪಿಸುವುದರಿಂದ ಇದಕ್ಕೆ ಮಾಧ್ಯಮ ಬೇಕಿಲ್ಲ, ನಿರ್ವಾತದಲ್ಲೂ ದಾರಿಯಿದೆ.

(ದೃಶ್ಯ: ಮಿಂಚು, ಬಳಿಕ ಭೂಕಂಪಮಾಪಕದ ರೇಖೆ)

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ಸಿಡಿಲು ಬಿದ್ದ ದೂರವನ್ನು ಅಂದಾಜಿಸುವುದು ಹಲವರಿಗೆ ಗೊತ್ತು. ಭೂಕಂಪದ ದೂರವನ್ನೂ ಹೀಗೆಯೇ ಎಣಿಸಬಹುದು, ಏಕೆಂದರೆ ಭೂಮಿಯೂ ಎರಡು ಬಗೆಯ ತರಂಗಗಳನ್ನು ಬೇರೆ ಬೇರೆ ವೇಗದಲ್ಲಿ ಕಳುಹಿಸುತ್ತದೆ. ಮೊದಲು ಬರುವ ಪಿ ತರಂಗ, ಶಬ್ದದಂತೆ, ತಾನು ಸಾಗುವ ದಿಕ್ಕಿನಲ್ಲೇ ಬಂಡೆಯನ್ನು ಒತ್ತಿ ಹಿಗ್ಗಿಸುವ ನೀಳ ತರಂಗ. ಹಿಂದೆ ಬರುವ ಎಸ್ ತರಂಗ ಬಂಡೆಯನ್ನು ಅಡ್ಡಡ್ಡಲಾಗಿ ಅಲ್ಲಾಡಿಸುವ ಅಡ್ಡ ತರಂಗ. ಅದರ ವೇಗ ಸೆಕೆಂಡಿಗೆ ಸುಮಾರು 3.5 ಕಿಲೋಮೀಟರ್. ಸಮೀಪದ ಭೂಕಂಪಗಳಲ್ಲಿ ಇವೆರಡೂ ಬಂದು ತಲುಪುವ ನಡುವಿನ ಪ್ರತಿ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ಎಂದು ಹಿಡಿದರೆ, 10 ಸೆಕೆಂಡಿನ ಅಂತರವೆಂದರೆ ಕಂಪನದ ಮೂಲ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ ಎಂದಾಯಿತು.

ಅಡ್ಡ ತರಂಗದ ಒಂದು ಗುಣ ನನಗೆ ಎಂದೂ ಹಳತಾಗದ ಬೆರಗು. ದ್ರವವನ್ನು ಅಡ್ಡಲಾಗಿ ಎಳೆದರೆ ಅದು ಹಿಂದಿರುಗಿ ಎಳೆಯುವುದಿಲ್ಲ, ಆದ್ದರಿಂದ ಎಸ್ ತರಂಗ ದ್ರವವನ್ನು ದಾಟಲಾರದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ದುಡಿದಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್, 1897ರ ಜೂನ್ 12ರ ಅಸ್ಸಾಂ ಮಹಾಭೂಕಂಪದ ದಾಖಲೆಗಳಲ್ಲಿ ಈ ತರಂಗಗಳನ್ನು ಬಿಡಿಸಿ ಗುರುತಿಸಿದರು. 1906ರಲ್ಲಿ, ದೂರ ಸಾಗಿದ ತರಂಗಗಳು ತಡವಾಗಿ ತಲುಪುವುದನ್ನು ಆಧಾರವಾಗಿಟ್ಟು ಭೂಮಿಗೆ ಬೇರೆಯೇ ಆದ ಒಂದು ಗರ್ಭವಿದೆ ಎಂದು ತೋರಿಸಿದರು. ಎಸ್ ತರಂಗಗಳು ಆ ಗರ್ಭವನ್ನು ಹಾಯದೆ ಇರುವುದರಿಂದಲೇ ಅದರ ಹೊರಭಾಗ ದ್ರವವೆಂಬುದು ಮುಂದೆ ಸ್ಪಷ್ಟವಾಯಿತು. ಯಾರೂ ಇಳಿದು ನೋಡಲಾಗದ 2900 ಕಿಲೋಮೀಟರ್ ಆಳದ ಸುದ್ದಿ ತಿಳಿದದ್ದು, ಬಾರದೆ ಉಳಿದ ಒಂದು ತರಂಗದಿಂದ!

ಸ್ಫೋಟವನ್ನು ಭೂಕಂಪದಿಂದ ಬೇರ್ಪಡಿಸಲು ನೆರವಾಗುವುದೂ ಇದೇ ಭೇದ. ಸ್ಫೋಟ ಎಲ್ಲ ದಿಕ್ಕಿಗೂ ಒಮ್ಮೆಲೇ ಒತ್ತುವುದರಿಂದ ಅದರ ಪಿ ತರಂಗ ಹೋಲಿಕೆಯಲ್ಲಿ ಪ್ರಬಲ; ಬಂಡೆಗಳು ಜಾರಿ ಆಗುವ ಭೂಕಂಪದಲ್ಲಿ ಎಸ್ ತರಂಗ ಪ್ರಬಲ.

(ದೃಶ್ಯ: ಎಲ್ ಮತ್ತು ಟಿ ಆಕಾರದ ನಕ್ಷೆಗಳು ಅಕ್ಕಪಕ್ಕದಲ್ಲಿ)

ಇನ್ನು ದಿಕ್ಕು. ಭೂಕಂಪಮಾಪಕಗಳನ್ನು ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ತೋಳುಗಳಲ್ಲಿ, ಕಿಲೋಮೀಟರ್‌ಗಟ್ಟಲೆ ದೂರಕ್ಕೆ ಹರಡಿದ್ದಾರೆ. ಡೆಕಾಮೀಟರ್ ದೂರದರ್ಶಕದ ಸಾವಿರ ದ್ವಿಧ್ರುವ (ಎರಡು ತೋಳಿನ ಸರಳ) ಆಂಟೆನಾಗಳು ಟಿ ಅಕ್ಷರದಂತಿದ್ದು, ಅದರ ಪೂರ್ವ-ಪಶ್ಚಿಮ ತೋಳು ಸುಮಾರು 1.4 ಕಿಲೋಮೀಟರ್ ಉದ್ದವಿದೆ. ಓರೆಯಾಗಿ ಬರುವ ತರಂಗ ಒಂದು ತುದಿಯನ್ನು ಮೊದಲು ಮುಟ್ಟಿ, ಇನ್ನೊಂದನ್ನು ಬಳಿಕ ಮುಟ್ಟುತ್ತದೆ. ಆ ತಡವನ್ನು ಲೆಕ್ಕಹಾಕಿ, ಮುಂಚೆ ಬಂದ ಸಂಕೇತಗಳನ್ನು ಅಷ್ಟೇ ಹೊತ್ತು ತಡೆದು ಒಟ್ಟು ಕೂಡಿಸಿದರೆ, ಬೇಕಾದ ದಿಕ್ಕಿನ ತರಂಗಗಳ ಉಬ್ಬಿಗೆ ಉಬ್ಬು ಸೇರಿ ಬಲಗೊಳ್ಳುತ್ತವೆ. ಗಾಳಿ, ಲಾರಿ, ಪಂಪ್‌ಸೆಟ್ಟುಗಳ ಅಡ್ಡಾದಿಡ್ಡಿ ಅದುರುವಿಕೆ ಬಹುಮಟ್ಟಿಗೆ ಒಂದನ್ನೊಂದು ಅಳಿಸುತ್ತದೆ. ನೆಲದ ಸಾಲಿನಲ್ಲಿ ಆ ತಡ ಸೆಕೆಂಡುಗಳ ಲೆಕ್ಕದ್ದು. ಸೂರ್ಯನಿಂದ 8 ನಿಮಿಷಕ್ಕೂ ಮಿಕ್ಕಿ ಪಯಣಿಸಿ ಬಂದ ರೇಡಿಯೊ ತರಂಗವಾದರೋ ಟಿಯ ಆ ಉದ್ದ ತೋಳನ್ನು ತುದಿಯಿಂದ ತುದಿಗೆ ದಾಟಲು 5 ಮೈಕ್ರೋಸೆಕೆಂಡನ್ನೂ ತೆಗೆದುಕೊಳ್ಳುವುದಿಲ್ಲ.