ಮೂಲ ಬೇರೆ, ಪಾಸ್‌ಪೋರ್ಟ್ ಬೇರೆ!

ಕಳೆದ ಸಂಚಿಕೆಗೆ ಒಬ್ಬರು ಕಮೆಂಟ್ ಹಾಕಿದ್ದಾರೆ: "ಚೀನೀಯರು ಎಲ್ಲೇ ಇರಲಿ, ಚೀನೀಯರೇ." ಅಲ್ಲ ಸ್ವಾಮಿ! ಇದಕ್ಕೆ ಚೀನೀ ಭಾಷೆಯಲ್ಲೇ ಎರಡು ಪದ ಇವೆ. ಚೀನಾದ ಪೌರತ್ವ ಉಳಿಸಿಕೊಂಡು ಹೊರಗೆ ನೆಲೆಸಿದವರು 'ಹುವಾಚ್ಯಾವೊ'. ಬೇರೆ ದೇಶದ ಪೌರರಾದ ಚೀನೀ ಮೂಲದವರು 'ಹುವಾರೆನ್'. ಮೂಲ ಬೇರೆ, ಪಾಸ್‌ಪೋರ್ಟ್ ಬೇರೆ.

ಗೊಂದಲ ಶುರುವಾಗಿದ್ದು 1909ರಲ್ಲಿ. ತಂದೆ ಚೀನೀಯನಾದರೆ ಮಗು ಎಲ್ಲಿ ಹುಟ್ಟಿದರೂ ಚೀನಾದ್ದೇ ಅಂತ ಆಗ ಚೀನಾ ಆಳುತ್ತಿದ್ದ ಚಿಂಗ್ ದೊರೆಗಳು ಕಾನೂನು ಮಾಡಿದರು. ಇಂಡೋನೇಷ್ಯಾದಲ್ಲಿ ಲಕ್ಷಾಂತರ ಜನಕ್ಕೆ ಎರಡೆರಡು ಪೌರತ್ವ ಬಂತು. 1955ರಲ್ಲಿ ಅಲ್ಲಿನ ಬಾಂಡುಂಗ್‌ ನಗರದಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಇಂಡೋನೇಷ್ಯಾ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು: ಎರಡು ವರ್ಷದೊಳಗೆ ಒಂದನ್ನು ಆರಿಸಿಕೊಳ್ಳಿ. ಎಡವಟ್ಟಾಗಿದ್ದು ಎಲ್ಲಿ ಗೊತ್ತಾ? ಆರಿಸದೆ ಸುಮ್ಮನಿದ್ದವನ ತಂದೆಯ ಕಡೆ ಚೀನೀ ಮೂಲವಿದ್ದರೆ ಅವನು ಚೀನಾವನ್ನೇ ಆರಿಸಿದ ಹಾಗೆ ಲೆಕ್ಕ! ಆಮೇಲೆ ಬಂತು ಚೀನಾದ 1980ರ ಪೌರತ್ವ ಕಾನೂನಿನ 9ನೇ ವಿಧಿ: ವಿದೇಶದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದರೆ ಚೀನಾದ್ದು ತಾನಾಗೇ ಹೋಗುತ್ತೆ. ಬೀಜಿಂಗ್ ಬರೆದ ಕಾನೂನೇ ಹೇಳ್ತಿದೆ, ಮೂಲ ಬೇರೆ, ಪಾಸ್‌ಪೋರ್ಟ್ ಬೇರೆ!

ಆದರೆ ಅದೇ ಬೀಜಿಂಗ್ ಭಾಷಣದಲ್ಲಿ 'ದೇಶದ ಒಳಗೂ ಹೊರಗೂ ಇರುವ ಚೀನಾದ ಮಕ್ಕಳು' ಅನ್ನುತ್ತೆ. ಸಾಗರೋತ್ತರ ಚೀನೀಯರ ಕಚೇರಿಯನ್ನು 2018ರಲ್ಲಿ ಕಮ್ಯುನಿಸ್ಟ್ ಪಕ್ಷದ 'ಸಂಯುಕ್ತ ರಂಗ' ವಿಭಾಗಕ್ಕೇ, ಅಂದರೆ ಪಕ್ಷದ ಹೊರಗಿನವರನ್ನು ತನ್ನತ್ತ ಸೆಳೆಯುವ ವಿಭಾಗಕ್ಕೇ, ಸೇರಿಸಿತು. ಮೂಲಕ್ಕೂ ಪೌರತ್ವಕ್ಕೂ ನಡುವಿನ ಗೆರೆ ಅಳಿಸಿದರೆ ಅನುಮಾನದ ಏಟು ಬೀಳೋದು ಮಲೇಷ್ಯಾದ ಕೌಲಾಲಂಪುರದಲ್ಲಿರೋ ಚೀನೀ ಮೂಲದ ಅಂಗಡಿಯವನಿಗೆ, ಬೀಜಿಂಗ್‌ಗಲ್ಲ. ಈ ಅಪಾಯ ಸಿಂಗಪುರಕ್ಕೆ ಚೆನ್ನಾಗಿ ಗೊತ್ತಿತ್ತು. ಜನರಲ್ಲಿ ಮುಕ್ಕಾಲು ಪಾಲು ಚೀನೀ ಮೂಲದವರೇ. ಆದರೂ ಚೀನಾ ಜೊತೆ ಅಧಿಕೃತ ರಾಜತಾಂತ್ರಿಕ ಸಂಬಂಧ ಬೆಳೆಸಿದ್ದು 1990ರ ಅಕ್ಟೋಬರ್‌ನಲ್ಲಿ, ನೆರೆಯ ಇಂಡೋನೇಷ್ಯಾ ಚೀನಾ ಜೊತೆ ಮತ್ತೆ ಸಂಬಂಧ ಬೆಳೆಸಿದ ಮೇಲಷ್ಟೇ.

"ಅವರಲ್ಲಿ ಚೀನಾದ ಬೇಹುಗಾರರು ಇರಲ್ವಾ?" ಅಂತೀರಿ. ಇರ್ತಾರೆ, ಹಿಡಿಯಿರಿ! ಬೇಹುಗಾರಿಕೆಗೆ ಪುರಾವೆ ಬೇಕು, ಮುಖವಲ್ಲ. 2024ರ ಜನವರಿಯಲ್ಲಿ ಅಮೆರಿಕದ ಸೆನೆಟರ್ ಟಾಮ್ ಕಾಟನ್ ಟಿಕ್‌ಟಾಕ್ ಮುಖ್ಯಸ್ಥ ಶೌ ಚ್ಯೂ ಅವರನ್ನು ಪೌರತ್ವದ ಬಗ್ಗೆ ಕೆದಕಿ ಕೆದಕಿ ಕೇಳಿದರು. "ನಾನು ಸಿಂಗಪುರದವನು" ಅಂತ ಚ್ಯೂ ಎಷ್ಟು ಸಲ ಹೇಳಬೇಕು?

ನಾವೇನು ಕಮ್ಮಿ ಮಾಡಿದೆವಾ? 1962ರ ಚೀನಾ ಯುದ್ಧದ ಹೊತ್ತಲ್ಲಿ ತಂದೆ ತಾಯಿ ಬಿಡಿ, ಅಜ್ಜ ಅಜ್ಜಿ ಚೀನಾದವರಾಗಿದ್ದರೂ ಸಾಕು, ಹಿಡಿದಿಡಬಹುದು ಅನ್ನೋ ಕಾನೂನು ತಂದು ಸುಮಾರು 3,000 ಜನರನ್ನು ರಾಜಸ್ಥಾನದ ದೇವಳಿ ಶಿಬಿರಕ್ಕೆ ತಳ್ಳಿದೆವು. ಇಲ್ಲೇ ಹುಟ್ಟಿದ ಮಕ್ಕಳೂ ಅದರಲ್ಲಿದ್ದರು. ಮಕ್ಕಳು, ಸ್ವಾಮಿ! ಮೂಲ ಬೇರೆ, ಪಾಸ್‌ಪೋರ್ಟ್ ಬೇರೆ, ಬೇರೆ, ಬೇರೆ!

ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ದೇವಳಿ ಬಗ್ಗೆಯೇ ಮುಂದಿನ ಸಂಚಿಕೆ. ಕಮೆಂಟ್ ಹಾಕಿದ ಸ್ವಾಮಿ, ನೀವೂ ತಪ್ಪದೆ ಬನ್ನಿ.