ಗೆಳೆಯನ ಗಂಟು

ನಮಸ್ಕಾರ. ಜರ್ಮನ್ ಕವಿ, ನಾಟಕಕಾರ ಶಿಲ್ಲರ್ ಬಗ್ಗೆ ಮಾತಾಡಲು ಬಂದಿದ್ದೇನೆ. ಆಹ್ವಾನಪತ್ರಿಕೆಯಲ್ಲಿ ‘ಸ್ವಾತಂತ್ರ್ಯದ ಕವಿ ಶಿಲ್ಲರ್’ ಅಂತ ಅಚ್ಚಾಗಿದೆ. ತಕರಾರಿಲ್ಲ. ಆದರೆ ಆ ಸ್ವಾತಂತ್ರ್ಯದ ಖರ್ಚು ಯಾರ ಲೆಕ್ಕಕ್ಕೆ ಬಿತ್ತು? ಇವತ್ತು ನನ್ನ ತಗಾದೆ ಇಷ್ಟೇ.

ಅವನ ‘ದರೋಡೆಕೋರರು’ ನಾಟಕ ನಿಮಗೆ ಗೊತ್ತಿದೆ. 1782ರ ಜನವರಿಯಲ್ಲಿ ಪಕ್ಕದ ಸಂಸ್ಥಾನದ ಮಾನ್‌ಹೈಮ್‌ನಲ್ಲಿ ಮೊದಲ ಪ್ರಯೋಗ. ಬರೆದವನು ಸ್ಟಟ್‌ಗಾರ್ಟ್‌ನಲ್ಲಿ ಸೈನ್ಯದ ವೈದ್ಯ, 22 ವರ್ಷದ ಹುಡುಗ. ರಜೆ ಕೇಳದೆ ಗಡಿ ದಾಟಿ ಹೋಗಿ ತನ್ನ ನಾಟಕ ನೋಡಿಬಂದ. ಎರಡನೇ ಸಲ ಹೋದದ್ದು ಅವನ ನಾಡಿನ ದೊರೆ ಡ್ಯೂಕ್ ಕಾರ್ಲ್ ಆಯ್ಗೆನ್ ಕಿವಿಗೆ ಬಿತ್ತು. 14 ದಿನ ಬಂಧನ. ಮೇಲಿಂದ, ವೈದ್ಯಕೀಯ ಬಿಟ್ಟು ಬೇರೇನೂ ಬರೆಯಕೂಡದೆಂಬ ಅಪ್ಪಣೆ.

ಹಾಗಾಗಿ ಓಡಿಹೋದ. ಈ ಕಥೆ ಹೇಳೋದು ನನಗೆ ಬಲು ಇಷ್ಟ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಜೊತೆಗಾರ ಆಂಡ್ರಿಯಾಸ್ ಷ್ಟ್ರೈಖರ್, ಬಡ ಸಂಗೀತಗಾರ. ಹ್ಯಾಂಬರ್ಗ್‌ಗೆ ಹೋಗಿ ಸಂಗೀತರಚನಕಾರ ದೊಡ್ಡ ಬಾಖ್‌ನ ಮಗನ ಹತ್ತಿರ ಕಲಿಯಬೇಕೆಂದು ದುಡ್ಡು ಹೊಂದಿಸಿಕೊಂಡಿದ್ದವನು. ಸೆಪ್ಟೆಂಬರ್ 22, ರಷ್ಯದ ಯುವರಾಜ ಬಂದಿದ್ದಾನೆ, ಊರೆಲ್ಲ ಹಬ್ಬದ ಗಡಿಬಿಡಿ. ಬೆಳಿಗ್ಗೆ ಷ್ಟ್ರೈಖರ್ ಬಂದು ನೋಡುತ್ತಾನೆ: ಗಂಟುಮೂಟೆ ಏನೂ ಕಟ್ಟಿಲ್ಲ! ಪುಸ್ತಕ ಕಟ್ಟುವಾಗ ಆ ಕಾಲದ ಹೆಸರಾಂತ ಕವಿ ಕ್ಲಾಪ್‌ಸ್ಟಾಕ್‌ನ ಪದ್ಯಗಳು ಕೈಗೆ ಸಿಕ್ಕಿವೆ. ಅದಕ್ಕೆ ಎದುರುಪದ್ಯ ಬರೆಯುತ್ತ ಕೂತಿದ್ದಾನೆ ಮಹಾಶಯ. ಅಷ್ಟೇ ಅಲ್ಲ, ಅದನ್ನು ಗೆಳೆಯ ಕೂತು ಕೇಳಬೇಕು. ತಲೆಯ ಮೇಲೆ ಸೆರೆಮನೆ ತೂಗುತ್ತಿದ್ದರೂ ಹೊಸ ಕವಿತೆ ಓದದೆ ಬಿಡದ ಕವಿಗಳನ್ನು ಈ ಊರಲ್ಲೂ ನಾನು ಕಂಡಿದ್ದೇನೆ, ಹೆಸರು ಬೇಡ.

ರಾತ್ರಿ ಗಾಡಿ ಹತ್ತಿದರು. ಎರಡು ಪೆಟ್ಟಿಗೆ, ಪಿಯಾನೊದಂಥ ಒಂದು ಚಿಕ್ಕ ಕ್ಲೇವಿಯರ್, ಎರಡು ಹಳೇ ಪಿಸ್ತೂಲು. ಒಂದರ ಗುಂಡು ಹಾರಿಸುವ ಕೀಲು ಮುರಿದಿತ್ತು, ಇನ್ನೊಂದಕ್ಕೆ ಚಕಮಕಿ ಕಲ್ಲಿರಲಿಲ್ಲ! ಊರಬಾಗಿಲಲ್ಲಿ ಕೊಟ್ಟ ಹೆಸರು ಡಾಕ್ಟರ್ ರಿಟ್ಟರ್, ಡಾಕ್ಟರ್ ವುಲ್ಫ್. ನಡುರಾತ್ರಿ ದೂರದಲ್ಲಿ ಸೊಲಿಟ್ಯೂಡ್ ಅರಮನೆಯ ದೀಪಗಳು ಆಕಾಶ ಕೆಂಪೇರಿಸಿದ್ದವು. ಶಿಲ್ಲರ್‌ನ ಅಪ್ಪ ಅಮ್ಮ ಇದ್ದದ್ದು ಅಲ್ಲೇ. ಅದನ್ನು ನೋಡಿ ಅವನು ‘ಅಮ್ಮಾ’ ಅಂದನಂತೆ.

ಮಾನ್‌ಹೈಮ್‌ನಲ್ಲಿ ಕೆಲಸ ಸಿಗಲಿಲ್ಲ. ದುಡ್ಡು ಕರಗಿತು. ಯಾರದು? ಷ್ಟ್ರೈಖರ್‌ನದು. ಹ್ಯಾಂಬರ್ಗ್ ಆಸೆ ಅಲ್ಲಿಗೆ ಮುಗಿಯಿತು.

ಮುಂದೆಯೂ ಹಾಗೇ. ಸಾಲದಲ್ಲಿ ಮುಳುಗಿದಾಗ ಕೈಹಿಡಿದವನು ಇನ್ನೊಬ್ಬ ಗೆಳೆಯ, ಕ್ಯೋರ್ನರ್. ಆ ಬಳಗದ ಖುಷಿಯಲ್ಲೇ 1785ರಲ್ಲಿ ಶಿಲ್ಲರ್‌ನ ಪದ್ಯ ‘ಆನಂದಗೀತೆ’ ಹುಟ್ಟಿತು. 1791ರಲ್ಲಂತೂ ಶಿಲ್ಲರ್ ಸತ್ತನೆಂಬ ಸುಳ್ಳುಸುದ್ದಿ ಡೆನ್ಮಾರ್ಕ್ ಮುಟ್ಟಿತು. ಅಲ್ಲಿನ ಅಭಿಮಾನಿಗಳು ಸಮುದ್ರದ ದಂಡೆಯಲ್ಲಿ ಅದೇ ಗೀತೆ ಹಾಡಿ ಶೋಕ ಆಚರಿಸಿದರು. ಬದುಕಿದ್ದಾನೆ, ಆದರೆ ಕಾಯಿಲೆ, ಬಡತನ ಅಂತ ಆಮೇಲೆ ತಿಳಿಯಿತು. ವರ್ಷಕ್ಕೆ 1000 ಬೆಳ್ಳಿನಾಣ್ಯ, ಅಂದರೆ ಥಾಲರ್‌ನಂತೆ ಮೂರು ವರ್ಷ ಕೊಡುತ್ತೇವೆಂದರು. ಶ್ರದ್ಧಾಂಜಲಿ ಮುಗಿಸಿ ಸಹಾಯಧನ ಕೊಟ್ಟ ಉದಾಹರಣೆ ಇನ್ನೆಲ್ಲಾದರೂ ಇದ್ದರೆ ತಿಳಿಸಿ. ನಮ್ಮಲ್ಲಿ ಶ್ರದ್ಧಾಂಜಲಿಗೇ ಕೆಲಸ ಮುಗಿಯುತ್ತದೆ.

ಚೀಟಿ ಬಂತು, ಐದು ನಿಮಿಷ ಅಂತೆ. ಮಹಾಕವಿ ಗಯಟೆಯ ಸ್ನೇಹಕ್ಕೇ ಒಂದು ಗಂಟೆ ಬೇಕಿತ್ತು, ‘ವಾಲೆನ್‌ಸ್ಟೈನ್’ ನಾಟಕಕ್ಕೆ ಇನ್ನೊಂದು. ಬಿಡಿ. ಅವನ ನಾಟಕ ‘ವಿಲ್ಹೆಲ್ಮ್ ಟೆಲ್’ 1804ರಲ್ಲಿ ರಂಗಕ್ಕೆ ಬಂತು. 1941ರಲ್ಲಿ ಹಿಟ್ಲರ್ ಅದನ್ನು ನಿಷೇಧಿಸಿದ. ಡ್ಯೂಕನ ಅಪ್ಪಣೆ ಮತ್ತೆ ಹೊರಟ ಹಾಗೆ. ಶಿಲ್ಲರ್ 1805ರಲ್ಲಿ, 45ನೇ ವಯಸ್ಸಿಗೆ, ವೈಮಾರ್‌ನಲ್ಲಿ ತೀರಿಕೊಂಡ. 21 ವರ್ಷದ ಮೇಲೆ ಮೇಯರ್ ಸಾಮೂಹಿಕ ಗೋರಿಯಿಂದ ತಲೆಬುರುಡೆಗಳನ್ನು ತೆಗೆಸಿ, ಎಲ್ಲಕ್ಕಿಂತ ದೊಡ್ಡದೇ ಕವಿಯದು ಅಂತ ತೀರ್ಮಾನಿಸಿದ! 2008ರ ಡಿಎನ್‌ಎ ಪರೀಕ್ಷೆ ಅದು ಅವನದಲ್ಲ ಅಂದಿತು. ಗಯಟೆಯ ಪಕ್ಕದಲ್ಲಿರುವ ಶಿಲ್ಲರ್ ಹೆಸರಿನ ಶವಪೆಟ್ಟಿಗೆ ಈಗ ಖಾಲಿ.

ಇನ್ನೊಂದೇ ಮಾತು, ಚೀಟಿ ಕಳಿಸಬೇಡಿ. ಷ್ಟ್ರೈಖರ್ ಮುಂದೆ ವಿಯೆನ್ನಾದಲ್ಲಿ ನೆಲೆನಿಂತ. ಹೆಂಡತಿ ನಾನೆಟ್ ಪಿಯಾನೊ ತಯಾರಿಕೆಯಲ್ಲಿ ಹೆಸರಾದವಳು. ಇಬ್ಬರೂ ಸಂಗೀತರಚನಕಾರ ಬೇತೋವನ್‌ಗೆ ಆಪ್ತರು. ಆ ಬೇತೋವನ್‌ನ ಒಂಬತ್ತನೇ ಸಿಂಫನಿಯಲ್ಲಿ ‘ಆನಂದಗೀತೆ’ ಮೊದಲ ಸಲ ಮೊಳಗಿದ್ದು 1824ರಲ್ಲಿ, ಅದೇ ವಿಯೆನ್ನಾದಲ್ಲಿ. ಷ್ಟ್ರೈಖರ್‌ಗೆ ಆಗ 62.