ಕ್ವದ್ರತ್ ಅವರ ಮೊದಲ ವರ್ಷ: ಬಿಎಫ್‌ಸಿ ಕಪ್ ಗೆದ್ದ ಬಗೆ

ಎಲ್ಲರಿಗೂ ನಮಸ್ಕಾರ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದವರು ಇಲ್ಲಿದ್ದೀರಿ, ಮಕ್ಕಳಿಗೆ ಆಟ ಕಲಿಸುವ ಕೋಚ್‌ಗಳೂ ಇದ್ದೀರಿ. ಅದಕ್ಕೇ ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ 2018–19ರ ಋತುವನ್ನು ಆರಿಸಿಕೊಂಡೆ.

ಈ ಮಾತು ಶುರುವಾಗಬೇಕಾದದ್ದು ಸೋಲಿನಿಂದ. 2018ರ ಮಾರ್ಚ್ 17, ಹಿಂದಿನ ಋತುವಿನ ಫೈನಲ್ ನಮ್ಮೂರಲ್ಲೇ, ಎದುರಿಗೆ ಚೆನ್ನೈನ ತಂಡ ಚೆನ್ನೈಯಿನ್. ಲೀಗ್ ಹಂತದಲ್ಲಿ ನಾವು ಅವರಿಗಿಂತ ಎಂಟು ಅಂಕ ಮುಂದಿದ್ದೆವು. ಒಂಬತ್ತನೇ ನಿಮಿಷಕ್ಕೇ ನಮ್ಮ ಸುನಿಲ್ ಚೆಟ್ರಿ ಗೋಲು ಹೊಡೆದರು. ಆಮೇಲೆ ನೋಡಿ: ಚೆನ್ನೈಯಿನ್‌ನ ಗ್ರೆಗರಿ ನೆಲ್ಸನ್ ಅವರ ಎರಡು ಕಾರ್ನರ್, ಎರಡಕ್ಕೂ ಮೈಲ್ಸನ್ ಆಲ್ವೆಸ್ ಹೆಡರ್, ಎರಡೂ ಗೋಲು. 3–2ರಲ್ಲಿ ಕಪ್ ಕೈತಪ್ಪಿತು. ಚೆಂಡನ್ನು ಅಷ್ಟು ಚೆನ್ನಾಗಿ ಆಡಿಸುತ್ತಿದ್ದ ತಂಡ, ನಿಂತ ಚೆಂಡಿಗೆ, ಅಂದರೆ ಕಾರ್ನರ್, ಫ್ರೀ ಕಿಕ್‌ನಂಥ ಒದೆತಗಳಿಗೆ, ಸೋತಿತ್ತು.

ಕೋಚ್ ಆಲ್ಬರ್ಟ್ ರೋಕಾ ಹೊರಟರು. ಕ್ಲಬ್‌ನವರು ಹೊರಗಿನಿಂದ ದೊಡ್ಡ ಹೆಸರನ್ನು ತರಲಿಲ್ಲ, ರೋಕಾಗೆ ಸಹಾಯಕರಾಗಿದ್ದ ಕಾರ್ಲೆಸ್ ಕ್ವದ್ರತ್ ಅವರಿಗೇ ಹೊಣೆ ಕೊಟ್ಟರು. ಬಾರ್ಸಿಲೋನಾದ ಯುವ ತಂಡಗಳಲ್ಲಿ ಬೆಳೆದವರು, ಮಾರ್ಚ್‌ನ ಆ ಸೋಲನ್ನು ಪಕ್ಕದಲ್ಲೇ ಇದ್ದು ಕಂಡವರು. ನನ್ನ ದೃಷ್ಟಿಯಲ್ಲಿ ಕ್ಲಬ್ ಅದುವರೆಗೆ ತೆಗೆದುಕೊಂಡ ಅತ್ಯಂತ ಒಳ್ಳೆಯ ತೀರ್ಮಾನಗಳಲ್ಲಿ ಅದೂ ಒಂದು. ಆದರೆ ಆಗಸ್ಟ್‌ನಲ್ಲಿ ಹಾಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ: ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನಲ್ಲಿ ತುರ್ಕಮೆನಿಸ್ತಾನದ ಆಲ್ತಿನ್ ಅಸಿರ್ ಎದುರು ಕಂಠೀರವದಲ್ಲೇ 2–3ರ ಸೋಲು, ಅಲ್ಲಿ ಹೋಗಿ ಆಡಿದ್ದು ಡ್ರಾ. ಅಲ್ಲಿಗೆ ಆ ಟೂರ್ನಿ ಮುಗಿಯಿತು.

ಕ್ವದ್ರತ್ ಗಾಬರಿಯಾಗಿ ತಂಡವನ್ನು ಬುಡಮೇಲು ಮಾಡಲಿಲ್ಲ. ಚೆಟ್ರಿ, ಮಿಕು, ಉದಾಂತ, ಡಿಮಾಸ್, ಹುವಾನನ್, ಗುರ್‌ಪ್ರೀತ್, ಬೆನ್ನೆಲುಬು ಅದೇ. ಬದಲಾದದ್ದು ಸ್ವಭಾವ. ಚೆಂಡು ನಮ್ಮ ಕಾಲಲ್ಲೇ ಇರಬೇಕೆಂಬ ಹಠ ಸಡಿಲಾಯಿತು. ಬೇಕಾದಾಗ ಹಿಂದೆ ಸರಿದು ಕಾಯುವುದು, ಸಿಕ್ಕ ಕಾರ್ನರ್, ಫ್ರೀ ಕಿಕ್‌ಗಳನ್ನು ಬಂಗಾರದಂತೆ ಬಳಸುವುದು ರೂಢಿಯಾಯಿತು. ಋತುವಿನ ನಡುವೆ ಮಿಕು ಗಾಯಗೊಂಡು ಹೊರಗುಳಿದಾಗಲೂ ಅಂಕಗಳು ಬರುತ್ತಲೇ ಇದ್ದವು.

ಆ ಸ್ವಭಾವ ಕಣ್ಣಿಗೆ ಕಂಡದ್ದು 2019ರ ಫೆಬ್ರುವರಿಯಲ್ಲಿ, ಕಂಠೀರವದಲ್ಲಿ ಎಫ್‌ಸಿ ಗೋವಾ ವಿರುದ್ಧ. ಮೊದಲಾರ್ಧದಲ್ಲೇ ನಮ್ಮ ನಿಶು ಕುಮಾರ್ ರೆಡ್ ಕಾರ್ಡ್ ಪಡೆದು ಹೊರನಡೆದರು. ಹತ್ತೇ ಜನ, ಎದುರಿಗೆ ಲೀಗ್‌ನಲ್ಲೇ ಅತಿ ಹುರುಪಿನ ದಾಳಿಯ ತಂಡ. ಗೆದ್ದದ್ದು ನಾವು, 3–0! ಕೊನೆಗೆ ಎರಡೂ ತಂಡಗಳಿಗೆ 34 ಅಂಕ ಬಂದಾಗ, ಪರಸ್ಪರ ಪಂದ್ಯಗಳ ಫಲಿತಾಂಶ ನೋಡಿ ನಮಗೆ ಅಗ್ರಸ್ಥಾನ ಕೊಟ್ಟರು. ಸೆಮಿಫೈನಲ್‌ನಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ಗುವಾಹಟಿಯಲ್ಲಿ 2–1ರಿಂದ ಗೆದ್ದಿತು. ಬೆಂಗಳೂರಿನಲ್ಲಿ ನಡೆದ ಎರಡನೇ ಪಂದ್ಯದ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಮಿಕು, ಡಿಮಾಸ್, ಚೆಟ್ರಿ ಮೂರು ಗೋಲು ಹೊಡೆದು ಲೆಕ್ಕ ಚುಕ್ತಾ ಮಾಡಿದರು.

ಫೈನಲ್ ಮುಂಬೈಯಲ್ಲಿ, ಮತ್ತೆ ಗೋವಾ ಎದುರು. ತಾರೀಕು ಮತ್ತೆ ಮಾರ್ಚ್ 17. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯ ಮೊದಲಾರ್ಧ ಮುಗಿಯುವ ಹೊತ್ತಿಗೆ ಗೋವಾದ ಅಹಮದ್ ಜಾಹು ರೆಡ್ ಕಾರ್ಡ್ ಪಡೆದು ಹೊರಹೋದರು. 117ನೇ ನಿಮಿಷ, ಪೆನಾಲ್ಟಿ ಶೂಟೌಟ್‌ಗೆ ಇನ್ನೇನು ಮೂರು ನಿಮಿಷ. ಡಿಮಾಸ್ ಕಾರ್ನರ್ ಒದ್ದರು, ಮುಂಬೈನವರೇ ಆದ ರಾಹುಲ್ ಭೆಕೆ ಹಾರಿ ತಲೆ ಕೊಟ್ಟರು. 1–0. ಲೀಗ್ ಹಂತದಲ್ಲಿ ಮೊದಲಿಗರಾಗಿ ಕಪ್ಪನ್ನೂ ಗೆದ್ದ ತಂಡ ಐಎಸ್‌ಎಲ್‌ನಲ್ಲಿ ಅದುವರೆಗೆ ಒಂದೂ ಇರಲಿಲ್ಲ.

ಈಗ ಆ ಕಾರ್ನರನ್ನು ತೆರೆಯ ಮೇಲೆ ಹಾಕುತ್ತೇನೆ. ಕೋಚ್‌ಗಳಲ್ಲಿ ಒಂದು ವಿನಂತಿ: ಮೊದಲ ಸಲ ಭೆಕೆಯನ್ನು ನೋಡಬೇಡಿ. ಪೆನಾಲ್ಟಿ ಬಾಕ್ಸ್‌ನಲ್ಲಿರುವ ಉಳಿದ ನೀಲಿ ಅಂಗಿಗಳು ಯಾರನ್ನು ಎತ್ತ ಎಳೆಯುತ್ತಿವೆ ಎಂದು ಗಮನಿಸಿ. ಎರಡನೇ ಸಲ ಹಾಕಿದಾಗ ಆ ಬಗ್ಗೆ ಮಾತಾಡೋಣ.